ಕಲ್ಲುಹೂವಿನ ಕಾಡು

ಅಲ್ಲ ಅಕ್ಕ, ನಾನು ಮಗಳ ಹತ್ತಿರ ಹೋಗಿಬಂದ ವೇಲ್ಸ್ ಅಂದ್ರೂ ಇಂಗ್ಲೆಂಡೇ ತಾನೇ ಅಂತ ಮೊನ್ನೆ ಕೇಳಿದ್ರಲ್ಲ, ಆಗ ಒಲೆ ಮೇಲೆ ಹಾಲಿಟ್ಟು ಬಂದಿದ್ದೆ, ನಿಂತು ಮಾತಾಡೋಕಾಗಲಿಲ್ಲ. ಈಗ ಹೇಳ್ತೀನಿ ಕೇಳಿ. ಇಂಗ್ಲೆಂಡಲ್ಲ ಅದು. ರಾಜ ಒಬ್ಬನೇ, ಪಾಸ್‌ಪೋರ್ಟ್ ಒಂದೇ, ಅದೆಲ್ಲ ನಿಜ. ಆದ್ರೆ ಬಾವುಟ ಬೇರೆ, ಭಾಷೆ ಬೇರೆ, ಕಾರ್ಡಿಫ್‌ನಲ್ಲಿ ಅವರದೇ ಶಾಸನಸಭೆ ಇದೆ. ಇರೋ ಜನ 31 ಲಕ್ಷ. ಅದರಲ್ಲಿ ವೆಲ್ಷ್ ಬಲ್ಲವರು ಐದೂವರೆ ಲಕ್ಷಕ್ಕೂ ಸ್ವಲ್ಪ ಕಮ್ಮಿ ಅಂತ 2021ರ ಜನಗಣತಿಯಲ್ಲಿ ಬಂದಿದೆ. ಅಷ್ಟೇ ಜನ ಇದ್ರೂ ರಸ್ತೆ ಮೇಲೆ ‘ನಿಧಾನ’ ಅಂತ ಬರೆಯೋದ್ರಿಂದ ಹಿಡಿದು ಆಸ್ಪತ್ರೆ ಬೋರ್ಡಿನ ತನಕ ಎಲ್ಲಾ ಕಡೆ ಎರಡೂ ಭಾಷೆ ಇರುತ್ತೆ. ನನಗೆ ಆ ದೇಶದ ಮೇಲೆ ಗೌರವ ಹುಟ್ಟಿದ್ದು ಅಲ್ಲಿಂದಲೇ.

ಕೋಟೆ ನೋಡಿದ್ರಾ ಅಂತ ಎಲ್ಲರೂ ಕೇಳ್ತಾರೆ. ನೋಡಿದೆ. ಕಾರ್ಡಿಫ್ ಕೋಟೆ ಊರ ನಡುವೆಯೇ ಇದೆ, ಚೆನ್ನಾಗಿದೆ. ಆದ್ರೆ ನಾನು ಮಗಳಿಗೆ ಮೊದಲೇ ಹೇಳಿದ್ದೆ, ನನಗೆ ಒಂದು ಕಾಡು ತೋರಿಸು, ಜನ ಸಂತೆ ಕಟ್ಟೋ ಕಾಡಲ್ಲ, ಸುಮ್ಮನೆ ಇರೋ ಕಾಡು ಅಂತ. ಅವಳೂ ಅಳಿಯನೂ ಅವರಿವರನ್ನ ಕೇಳಿ ಹುಡುಕಿದ್ದು ಪೆಂಬ್ರೋಕ್‌ಷೈರ್‌ನ ಉತ್ತರಕ್ಕಿರೋ ಟೀ ಕಾನೊಲ್ ಅನ್ನೋ ಕಾಡು. ವೇಲ್ಸಿನ ಭೂಪಟದಲ್ಲಿ ಪಶ್ಚಿಮಕ್ಕೆ ಒಂದು ಮೂತಿ ಸಮುದ್ರದೊಳಕ್ಕೆ ಚಾಚಿರುತ್ತೆ ನೋಡಿ, ಅಲ್ಲಿ. ಕಾರ್ಡಿಫ್‌ನಿಂದ ಕಾರಲ್ಲಿ ಎರಡೂವರೆ ಗಂಟೆ ಮೇಲಾಗುತ್ತೆ. ಒಂದು ಕಡೆ ಪ್ರೆಸೆಲಿ ಬೆಟ್ಟಗಳು, ಇನ್ನೊಂದು ಕಡೆ ಸಮುದ್ರ, ನಡುವೆ ಕುರಿ ಮೇಯೋ ಹಸಿರು ಗದ್ದೆಗಳು. ಆ ಗದ್ದೆಗಳ ಮಧ್ಯೆ ಕಲ್ಲುಗುಡ್ಡೆ ತುಂಬಿರೋ ಒಂದು ಇಳಿಜಾರಿನಲ್ಲಿ ಈ ಕಾಡು. ಟಿಕೆಟ್ಟಿಲ್ಲ, ಗೇಟಿನಲ್ಲಿ ಕಾವಲಿನವನಿಲ್ಲ, ಚಹಾದಂಗಡಿಯೂ ಇಲ್ಲ. ನಾವು ಹೋದ ಬೆಳಗ್ಗೆ ನಾಯಿ ಕರ್ಕೊಂಡು ಬಂದ ಒಬ್ಬ ಮುದುಕ ಬಿಟ್ರೆ ಇನ್ಯಾರೂ ಕಾಣಲಿಲ್ಲ.

ಎತ್ತರದ ಮರ ಅಂತ ಅಂದ್ಕೋಬೇಡಿ ಮತ್ತೆ. ನಮ್ಮ ಕಾನಿನ ಧೂಪದ ಮರ, ಹೊನ್ನೆ ಮರ ನೋಡಿದ ಕಣ್ಣಿಗೆ ಮೊದಲು ಇವು ಗಿಡ್ಡ ಅನ್ನಿಸುತ್ತೆ. ಓಕ್ ಮರಗಳು. ಬಂಡೆ ಸಂದಿಯಲ್ಲಿ ಬೇರು ಇಳಿಸಿ, ಸಮುದ್ರದ ಗಾಳಿಗೆ ಬಗ್ಗಿ, ಸೊಂಟ ತಿರುಚಿ, ಕೈ ಅಡ್ಡಡ್ಡ ಚಾಚಿ ನಿಂತಿವೆ. ಒಂದು ಮರದ ಹಾಗೆ ಇನ್ನೊಂದಿಲ್ಲ. ನಡುನಡುವೆ ಆ್ಯಶ್, ಹೇಜಲ್, ಮುಳ್ಳೆಲೆಯ ಹಾಲಿ. ಕೆಳಗೆ ಬಂಡೆಗಳ ಮೇಲೆಲ್ಲ ಗೇಣುದ್ದ ಪಾಚಿ. ಕೈಯಿಟ್ರೆ ಕೈ ಒಳಕ್ಕೆ ಹೋಗುತ್ತೆ. ಕೊಂಬೆಗಳ ಮೇಲೂ ಪಾಚಿ, ಆ ಪಾಚಿಯಲ್ಲಿ ಬೇರೂರಿದ ಜರಿಗಿಡ. ನೆಲ, ಕಲ್ಲು, ಕಾಂಡ, ಕೊಂಬೆ, ಯಾವುದನ್ನೂ ಬರಿದಾಗಿ ಬಿಟ್ಟಿಲ್ಲ ಆ ಕಾಡು.

ಮತ್ತೆ ಆ ಬೂದು ಬಣ್ಣ! ಅದನ್ನ ನೋಡಿ ನಾನು ಅಲ್ಲೇ ನಿಂತುಬಿಟ್ಟೆ ಅಕ್ಕ. ಮಸಾಲೆ ಹುರಿಯುವಾಗ ಹಾಕ್ತೀವಲ್ಲ ಕಲ್ಲುಹೂವು, ಅಂಗಡಿಯಲ್ಲಿ ಒಣಗಿ ಕರ್ರಗೆ ಬೆಳ್ಳಗೆ ಇರುತ್ತಲ್ಲ, ಅದರ ಬಳಗವೇ ಆ ಕಾಡಿನ ತುಂಬ. ಕೆಲವು ಚಪ್ಪಟೆಯಾಗಿ ತೊಗಟೆಗೆ ಅಂಟಿವೆ, ಕೆಲವು ಗಡ್ಡದ ಹಾಗೆ ಕೊಂಬೆಯಿಂದ ಇಳಿಬಿದ್ದಿವೆ, ಕೆಲವು ಕಲ್ಲಿನ ಮೇಲೆ ಯಾರೋ ಸುಣ್ಣದ ಕೈ ಒರೆಸಿದಷ್ಟೇ ತೆಳುವಾಗಿವೆ. ಆ ಒಂದು ಕಾಡಿನಲ್ಲೇ ಸುಮಾರು 400 ಬಗೆಯ ಕಲ್ಲುಹೂವು ಲೆಕ್ಕ ಮಾಡಿದ್ದಾರೆ. ಅದಕ್ಕೇ ಅದನ್ನ ರಾಷ್ಟ್ರೀಯ ನಿಸರ್ಗಧಾಮ ಅಂತ ಘೋಷಿಸಿರೋದು. ಹುಲಿ ಅಂತಲೋ ಆನೆ ಅಂತಲೋ ಕಾಡು ಕಾಪಾಡೋದು ಕೇಳಿದ್ದೀವಿ. ತೊಗಟೆ ಮೇಲಿನ ಕಲೆಯ ಹಾಗೆ ಕಾಣೋ ಜೀವಕ್ಕೋಸ್ಕರ ಒಂದು ಕಾಡಿಗೆ ಇಷ್ಟು ಮರ್ಯಾದೆ ಕೊಟ್ಟಿದ್ದು ನನಗೆ ತುಂಬ ದೊಡ್ಡ ವಿಷಯ ಅನ್ನಿಸ್ತು.

ಅದು ಗಿಡವೇ ಅಲ್ವಂತೆ, ಗೊತ್ತಾ ನಿಮಗೆ? ಶಿಲೀಂಧ್ರವೂ ಪಾಚಿಯೂ (ಬಂಡೆ ಮೇಲಿನ ಆ ಪಾಚಿ ಅಲ್ಲ, ನೀರಿನ ಪಾಚಿಯ ಜಾತಿಯದ್ದು) ಸೇರಿ ಸಂಸಾರ ಹೂಡಿರೋದು. ಶಿಲೀಂಧ್ರ ಗೋಡೆ ಸೂರು ನೋಡ್ಕೊಳ್ಳುತ್ತೆ, ಪಾಚಿ ಬಿಸಿಲಿನಿಂದ ಅಡುಗೆ ಮಾಡಿ ಇಬ್ಬರಿಗೂ ಬಡಿಸುತ್ತೆ. ಬೇರಿಲ್ಲ ಅದಕ್ಕೆ. ಮಳೆ, ಮಂಜು, ಗಾಳಿಯಿಂದ ಬಂದದ್ದನ್ನೇ ಮೈಯೆಲ್ಲ ಹೀರ್ಕೊಂಡು ಬದುಕಬೇಕು. ಹಾಗಾಗಿ ಗಾಳಿ ಕೆಟ್ರೆ ಮೊದಲು ಸಾಯೋದು ಅದೇ. ಕಲ್ಲಿದ್ದಲು ಉರಿಸಿ ಉರಿಸಿ ಬ್ರಿಟನ್ನಿನ ಕಾರ್ಖಾನೆ ಊರುಗಳ ಸುತ್ತ ಬಹುಪಾಲು ಕಲ್ಲುಹೂವು ಅಳಿದೇ ಹೋಗಿತ್ತು. ಇಲ್ಲಿ ಉಳಿದಿದ್ದು ಯಾಕೆ ಅಂದ್ರೆ ಗಾಳಿ ಅಟ್ಲಾಂಟಿಕ್ ಸಾಗರದ ಕಡೆಯಿಂದ ಬೀಸೋದು, ದಾರಿಯಲ್ಲಿ ಹೊಗೆಯ ಊರು ಯಾವುದೂ ಇಲ್ಲ. ಈಗ ಕಲ್ಲಿದ್ದಲ ಹೊಗೆ ನಿಂತಿದೆ. ಆದ್ರೆ ದೊಡ್ಡ ದೊಡ್ಡ ಹೈನುಶಾಲೆಗಳ ಸಗಣಿ ಗುಂಡಿಯಿಂದ, ಕೋಳಿ ಶೆಡ್ಡುಗಳಿಂದ, ರಸಗೊಬ್ಬರದಿಂದ ಅಮೋನಿಯಾ ಎದ್ದು ಗಾಳಿಗೆ ಸೇರುತ್ತೆ. ಕಲ್ಲುಹೂವಿಗೆ ಅದೂ ವಿಷವೇ. ಹೊಗೆಯಾದ್ರೆ ಕಣ್ಣಿಗಾದ್ರೂ ಕಾಣುತ್ತೆ. ಇದು ಕಾಣೋದೇ ಇಲ್ಲ ಅನ್ನೋದೇ ನನಗೆ ಹೆಚ್ಚು ಹೆದರಿಕೆ.

ಮಳೆನಾ? ಮಳೆ ಬಗ್ಗೆ ಕೇಳದೆ ನೀವು ಬಿಡಲ್ಲ ಅಂತ ಗೊತ್ತಿತ್ತು. ಇಂಥ ಕಾಡನ್ನ ಅವರು ಮಳೆಕಾಡು ಅಂತಲೇ ಕರೀತಾರೆ, ಚಳಿ ಸೀಮೆಯ ಮಳೆಕಾಡು. ಆಗುಂಬೆಯ ಹಾಗೆ ನಾಲ್ಕು ತಿಂಗಳಲ್ಲಿ ಆಕಾಶ ಬಿರಿದು ಸುರಿಯೋದಲ್ಲ ಅದು. ವರ್ಷಪೂರ್ತಿ, ಯಾವ ತಿಂಗಳೂ ಪೂರಾ ಒಣಗದ ಹಾಗೆ, ತುಂತುರು, ಜಿಟಿಜಿಟಿ, ಮಂಜು. ಒಟ್ಟು ಲೆಕ್ಕ ಹಾಕಿದ್ರೆ ನಮ್ಮ ಕಾಲು ಭಾಗಕ್ಕೂ ಬರಲ್ಲವೇನೋ, ಆದ್ರೆ ಬಿಡುವು ಕೊಡಲ್ಲ. ಬೇಸಿಗೆಯ ಬಿಸಿ ಇಲ್ಲ, ಸಮುದ್ರ ಹತ್ತಿರ ಇರೋದ್ರಿಂದ ಚಳಿಯೂ ಅತಿಯಿಲ್ಲ. ಪಾಚಿಗೆ ಬೇಕಾಗಿರೋದು ಅಷ್ಟೇ. ಸ್ಕಾಟ್ಲೆಂಡಿನ ಪಶ್ಚಿಮ, ಐರ್ಲೆಂಡ್, ವೇಲ್ಸ್, ಇಂಗ್ಲೆಂಡಿನ ಪಶ್ಚಿಮದ ಮೂಲೆಗಳು, ಈ ಅಂಚಿನಲ್ಲಿ ಇಂಥ ಓಕ್ ಕಾಡಿನ ತುಣುಕುಗಳು ಉಳಿದಿವೆ.

ನಾವು ಹೋದಾಗ ಮೇ ತಿಂಗಳು, ಬ್ಲೂಬೆಲ್ ಹೂವಿನ ಕಾಲ. ನೆಲದಿಂದ ಮೊಳಕಾಲಿನ ಕೆಳಗೆ ಬರೋಷ್ಟು ಎತ್ತರ, ನೀಲಿಗಂಟೆ ಬಾಗಿಕೊಂಡಿರುತ್ತೆ. ಓಕ್ ಮರ ಎಲೆ ಬಿಟ್ಟು ನೆರಳು ದಟ್ಟ ಆಗೋದಕ್ಕೆ ಮೊದಲೇ ಅದು ತನ್ನ ಬಿಸಿಲು ಕುಡಿದು, ಹೂ ಬಿಟ್ಟು, ಕೆಲಸ ಮುಗಿಸಿ ಗೆಡ್ಡೆಗೆ ವಾಪಸಾಗಬೇಕು. ಹಾಗಾಗಿ ಆತುರ ಅದಕ್ಕೆ. ಪ್ರಪಂಚದಲ್ಲಿರೋ ಬ್ಲೂಬೆಲ್‌ನಲ್ಲಿ ಸುಮಾರು ಅರ್ಧ ಬ್ರಿಟನ್ನಿನಲ್ಲೇ ಇದೆ ಅಂತಾರೆ. ಅಳಿಯ ಒಂದು ಮಾತು ಹೇಳಿದ, ಹೂ ತುಳಿದ್ರೆ ಹೂ ಮಾತ್ರ ಹೋಗೋದಲ್ಲ, ಎಲೆ ನಜ್ಜುಗುಜ್ಜಾದ್ರೆ ಗೆಡ್ಡೆಗೆ ಆಹಾರ ಇಲ್ಲದೆ ಮುಂದಿನ ವರ್ಷಗಳಿಗೂ ಪೆಟ್ಟು ಅಂತ. ಆಮೇಲೆ ನಾನು ಕಾಲುದಾರಿ ಬಿಟ್ಟು ಒಂದು ಹೆಜ್ಜೆ ಇಡಲಿಲ್ಲ. 1981ರ ಒಂದು ಕಾನೂನಿದೆ ಅಲ್ಲಿ, ಜಮೀನಿನವರ ಅನುಮತಿ ಇಲ್ಲದೆ ಯಾವ ಕಾಡುಗಿಡವನ್ನೂ ಬೇರುಸಹಿತ ಕೀಳೋ ಹಾಗಿಲ್ಲ.

ಈಗ ನೀವು ಏನು ಕೇಳ್ತೀರಿ ಅಂತ ಗೊತ್ತು. ಹಾಗಾದ್ರೆ ಆ ಕಾಡನ್ನ ಯಾರೂ ಮುಟ್ಟದೆ ಬಿಟ್ಟಿದ್ದಾರೆ, ಅದಕ್ಕೇ ಉಳಿದಿದೆ, ಅಲ್ವಾ? ಎಲ್ಲರೂ ಹಾಗೇ ತಿಳ್ಕೊಳ್ಳೋದು. ಅದು ಹಾಗಲ್ಲ ಅಂತ ಹೇಳೋಕೆ ನಾನು ಊರಿಗೆ ಬಂದಾಗಿಂದ ಒಬ್ಬರನ್ನ ಹುಡುಕ್ತಾ ಇದ್ದೆ.

ಅಲ್ಲಿ ‘ಪುರಾತನ ಕಾಡು’ ಅಂತ ಒಂದು ಲೆಕ್ಕ ಇದೆ. ಇಂಗ್ಲೆಂಡ್, ವೇಲ್ಸ್‌ನಲ್ಲಿ 1600ನೇ ಇಸವಿಯಿಂದ ಇವತ್ತಿನ ತನಕ ಎಡೆಬಿಡದೆ ಕಾಡಾಗೇ ಇದ್ರೆ ಮಾತ್ರ ಆ ಹೆಸರು. ಆದ್ರೆ ಎಡೆಬಿಡದೆ ಕಾಡು ಅಂದ್ರೆ ಕೊಡಲಿ ಬಿದ್ದಿಲ್ಲ ಅಂತ ಅರ್ಥ ಅಲ್ಲ. ವೇಲ್ಸಿನ ಓಕ್ ಕಾಡುಗಳಲ್ಲಿ ನೂರಾರು ವರ್ಷ ಮರ ಕಡಿದಿದ್ದಾರೆ. ಬುಡದ ಹತ್ತಿರ ಕಡಿಯೋದು, ಅದು ಮತ್ತೆ ನಾಲ್ಕಾರು ಕವಲಾಗಿ ಚಿಗುರೋದು, ಇಪ್ಪತ್ತು ಇಪ್ಪತ್ತೈದು ವರ್ಷ ಬಿಟ್ಟು ಮತ್ತೆ ಕಡಿಯೋದು. ತೊಗಟೆ ಚರ್ಮ ಹದ ಮಾಡೋಕೆ ಹೋಗ್ತಿತ್ತು, ಕಟ್ಟಿಗೆ ಸುಟ್ಟ ಇದ್ದಿಲು ಕಬ್ಬಿಣ ಕರಗಿಸೋ ಕುಲುಮೆಗೆ. ಒಂದೇ ಬುಡದಿಂದ ಮೂರು ನಾಲ್ಕು ಕಾಂಡ ಎದ್ದಿರೋ ಮರ ಕಂಡ್ರೆ ಅದು ಹಳೆಯ ಕೊಡಲಿಯ ಗುರುತು. ಕಡಿದ್ರು, ಬೇರು ಕೀಳಲಿಲ್ಲ. ಉಳಿದಿದ್ದರ ಗುಟ್ಟು ಅಲ್ಲಿದೆ.

ಇನ್ನೊಂದು ಗುಟ್ಟು ದನ. ಹೌದು ಅಕ್ಕ, ಅಂಥ ಕಾಡಿನೊಳಗೆ ದನ ಬಿಡ್ತಾರೆ! ಕಾಪಾಡೋಕೆ ಅಂತಲೇ ಬಿಡ್ತಾರೆ. ದನ, ಗಿಡ್ಡ ಕುದುರೆ, ಕೆಲವು ಕಡೆ ಕುರಿ. ಪೂರಾ ಬೇಲಿ ಹಾಕಿ ಮುಚ್ಚಿಬಿಟ್ರೆ ಏನಾಗುತ್ತೆ ಅಂದ್ರೆ ಮುಳ್ಳುಬಳ್ಳಿ, ಐವಿ ಬಳ್ಳಿ, ಹಾಲಿ ಪೊದೆ ಎಲ್ಲಾ ಆಳೆತ್ತರ ಬೆಳೆದು ಕಾಂಡಗಳನ್ನ ಮುಚ್ಚಿಬಿಡುತ್ತೆ. ಕಲ್ಲುಹೂವಿಗೆ ತಂಪೂ ಬೇಕು, ಬೆಳಕೂ ಬೇಕು. ಬೆಳಕು ಹೋದ್ರೆ ಅದು ಹೋಯ್ತು. ಹಾಗಂತ ಕುರಿ ಹಿಂಡುಗಟ್ಟಲೆ ಬಿಟ್ರೆ ಮೊಳೆತ ಓಕ್ ಸಸಿಯನ್ನೆಲ್ಲ ಬುಡಕ್ಕೇ ಮೇಯ್ದು, ಮುದಿಮರ ಸತ್ತ ಮೇಲೆ ಆ ಜಾಗಕ್ಕೆ ಬರೋಕೆ ಮರಿಮರ ಇರಲ್ಲ. ಆದ್ರಿಂದ ಇಂಥ ತಿಂಗಳು ಬಿಡು, ಇಂಥ ತಿಂಗಳು ಬೇಡ, ಇಷ್ಟೇ ದನ ಬಿಡು, ಈ ಮೂಲೆಗೆ ಕೆಲವು ವರ್ಷ ಬೇಲಿ ಹಾಕು, ಆಮೇಲೆ ತೆಗಿ, ಹೀಗೆ ನಡೆಯುತ್ತೆ. ಇದನ್ನೆಲ್ಲ ಆಫೀಸಿನ ಕುರ್ಚಿಯಲ್ಲಿ ಕೂತು ಮಾಡೋಕಾಗಲ್ಲ. ಪಕ್ಕದ ರೈತನ ದನ ಬೇಕು, ಅವನ ಒಪ್ಪಿಗೆ ಬೇಕು, ಅವನ ಕಣ್ಣು ಬೇಕು.

ಇದನ್ನ ಕೇಳಿದಾಗ ನನಗೆ ನಮ್ಮ ಸೊಪ್ಪಿನ ಬೆಟ್ಟವೇ ನೆನಪಾಯ್ತು. ನಿಮ್ಮ ಮಾವನವರು ಯಾವ ಮರದ ಸೊಪ್ಪು ಯಾವ ವರ್ಷ ಕಡೀಬೇಕು ಅಂತ ಹೇಳ್ತಿದ್ರಲ್ಲ, ತುದಿಕುಡಿ ಮುಟ್ಟಬೇಡಿ ಅಂತ ಕೆಳಗೆ ನಿಂತು ಕೂಗ್ತಿದ್ರಲ್ಲ. ತೋಟಕ್ಕೆ ಸೊಪ್ಪು ಬೇಕು, ಕೊಟ್ಟಿಗೆಗೆ ಸೊಪ್ಪು ಬೇಕು, ನಾಳೆಗೂ ಬೆಟ್ಟ ಬೇಕು. ಹಾಗೆ ನೋಡ್ಕೊಂಡ ಬೆಟ್ಟ ಇವತ್ತೂ ಹಸಿರಾಗಿದೆ. ಲೆಕ್ಕ ತಪ್ಪಿ ಕಡಿದವರದ್ದು ಬೋಳಾಯ್ತು. ಮುಟ್ಟಲೇಬಾರದು ಅಂದವರೂ ಕಾಡನ್ನ ಅರಿತವರಲ್ಲ, ಎಲ್ಲಾ ನಮ್ಮದೇ ಅಂದವರೂ ಅರಿತವರಲ್ಲ. ಪೆಂಬ್ರೋಕ್‌ಷೈರಿನ ಆ ಮಂಜಿನಲ್ಲಿ ನಿಂತು ನನಗೆ ಅದೇ ಅನ್ನಿಸಿದ್ದು. ಮನೆಗೆ ಬಂದು ನಮ್ಮ ಯಜಮಾನರ ಹತ್ತಿರವೂ ಅದನ್ನೇ ಹೇಳಿದೆ.

ಆ ದೇಶದವರು ಎಲ್ಲಾ ಸರಿ ಮಾಡಿದ್ದಾರೆ ಅಂತಲೂ ಅಲ್ಲ ಮತ್ತೆ. ಕಾಡಿನಿಂದ ಈಚೆ ಬಂದು ಪ್ರೆಸೆಲಿ ಬೆಟ್ಟ ನೋಡಿದ್ರೆ ಹೊಟ್ಟೆ ಚುರುಕ್ ಅನ್ನುತ್ತೆ. ಚೆಂದ ಇದೆ, ಇಲ್ಲ ಅನ್ನಲ್ಲ, ಆದ್ರೆ ಬೋಳು. ಒಂದು ಕಾಲಕ್ಕೆ ಇಳಿಜಾರೆಲ್ಲ ಮರವಿತ್ತು. ವೇಲ್ಸಿನಲ್ಲಿ ಕುರಿ ಸಂಖ್ಯೆ ಜನಸಂಖ್ಯೆಯ ಮೂರು ಪಟ್ಟಿನ ಹತ್ತಿರ ಇದೆ. ಮೊಳೆತದ್ದೆಲ್ಲ ಅದರ ಬಾಯಿಗೆ. ಮೊದಲನೇ ಮಹಾಯುದ್ಧದಲ್ಲಿ ಮರಕ್ಕೆ ಬರ ಬಂದು, 1919ರಲ್ಲಿ ಸರ್ಕಾರ ಅರಣ್ಯ ಆಯೋಗ ಅಂತ ಮಾಡ್ತು. ಅದು ಬೇಗ ಬೆಳೆಯೋ ಮರ ಅಂತ ಅಮೆರಿಕದ ಪಶ್ಚಿಮ ಕರಾವಳಿಯಿಂದ ಬಂದ ಸಿಟ್ಕಾ ಸ್ಪ್ರೂಸ್ ಸಾಲುಸಾಲು ನೆಟ್ಟಿತು, ಎಷ್ಟೋ ಕಡೆ ಹಳೇ ಓಕ್ ಕಾಡು ತೆಗೆದು ಆ ಜಾಗದಲ್ಲೇ ನೆಟ್ಟಿತು. ಆ ನೆಡುತೋಪಿನೊಳಗೂ ಒಂದು ಸಲ ಹೋಗಿದ್ವಿ. ಒಳಗೆ ಕತ್ತಲೆ, ನೆಲದಲ್ಲಿ ಒಣಗಿದ ಸೂಜಿಯೆಲೆ ಬಿಟ್ರೆ ಹುಲ್ಲಿಲ್ಲ. ಅಕೇಶಿಯಾ ತೋಪಿನಲ್ಲಿ ನಡೆದವರಿಗೆ ಆ ಮೌನ ಗೊತ್ತಾಗುತ್ತೆ. ಅದೂ ನಿಶ್ಶಬ್ದವೇ, ಆದ್ರೆ ಟೀ ಕಾನೊಲ್‌ನ ನಿಶ್ಶಬ್ದದಲ್ಲಿ ಕಿವಿಗೆ ಕೆಲಸ ಇರುತ್ತೆ. ಎಲೆಯಿಂದ ಹನಿ ಬೀಳೋದು, ಹುಳ ಹಿಡಿಯೋಕೆ ಪುಟ್ಟ ಹಕ್ಕಿ ರೆಕ್ಕೆ ಬಡಿಯೋದು, ದೂರದಲ್ಲಿ ಕುರಿಮರಿ ತಾಯಿಯನ್ನ ಕರೆಯೋದು. ವೇಲ್ಸಿನ ಓಕ್ ಕಾಡಿಗೆ ವಸಂತದಲ್ಲಿ ಕಪ್ಪುಬಿಳಿ ಬಣ್ಣದ ಒಂದು ನೊಣಹಿಡುಕ ಹಕ್ಕಿ ಬರುತ್ತೆ, ಗುಬ್ಬಿಗಿಂತ ಸಣ್ಣದು. ಚಳಿಗಾಲ ಕಳೆಯೋದು ಪಶ್ಚಿಮ ಆಫ್ರಿಕಾದಲ್ಲಿ. ಓಕ್ ಚಿಗುರಿಗೆ ಕಂಬಳಿಹುಳ ಬರೋ ಹೊತ್ತಿಗೆ ಸರಿಯಾಗಿ ಸಹಾರಾ ದಾಟಿ ಬಂದು ಮರದ ಪೊಟರೆಯಲ್ಲಿ ಮೊಟ್ಟೆ ಇಡಬೇಕು. ಪೊಟರೆ ಸಾಲದೆ ಹೋಗುತ್ತೆ ಅಂತ ಜನ ಮರಕ್ಕೆ ಮರದ ಪೆಟ್ಟಿಗೆ ಕಟ್ಟಿಡ್ತಾರೆ.

ಸಂಕಟದ ವಿಷಯ ಇನ್ನೊಂದಿದೆ. ಆ್ಯಶ್ ಮರಕ್ಕೆ ರೋಗ. ಶಿಲೀಂಧ್ರದ್ದು, ಬೀಜಕಣ ಗಾಳಿಯಲ್ಲಿ ಹಾರಿ ಬರುತ್ತೆ, ಎಲೆಯಿಂದ ಶುರುವಾಗಿ ತುದಿ ಒಣಗಿ ಮರವೇ ಹೋಗುತ್ತೆ. ಬ್ರಿಟನ್ನಿನಲ್ಲಿ ಅದು ಗೊತ್ತಾಗಿದ್ದು 2012ರಲ್ಲಿ. ದಾರಿಯುದ್ದಕ್ಕೂ ತಲೆ ಬೋಳಾದ ಆ್ಯಶ್ ಮರಗಳು ಕಾಣ್ತವೆ. ಎಷ್ಟೋ ಕಲ್ಲುಹೂವಿಗೆ ಆ್ಯಶ್ ತೊಗಟೆಯೇ ಮನೆ, ಮರದ ಜೊತೆ ಅವೂ ಹೋಗ್ತವೆ. ಅಡಿಕೆಗೆ ಎಲೆಚುಕ್ಕಿ ರೋಗ ಬಂದ ವರ್ಷ ನಮ್ಮ ತೋಟದಲ್ಲಿ ನಿಂತು ಮೇಲೆ ನೋಡಿದಾಗ ಆದ ಹಾಗೇ ಆಯ್ತು ನನಗೆ. ಅಲ್ಲಿ ಒಬ್ಬ ರೈತ ನನ್ನ ಮಗಳ ಹತ್ತಿರ ಹೇಳ್ತಿದ್ದ, ಕೆಲವು ಮರ ಮಾತ್ರ ರೋಗ ತಡ್ಕೊಂಡು ನಿಂತಿವೆ, ಅವನ್ನ ಕಡೀಬೇಡಿ, ಅವುಗಳ ಬೀಜವೇ ಮುಂದಿನ ದಾರಿ ಅಂತ ಎಲ್ಲರಿಗೂ ಹೇಳ್ತಾ ಇದ್ದೀನಿ ಅಂತ.

ಬೇಲಿ ವಿಷಯ ಹೇಳ್ಲೇಬೇಕು. ನಮ್ಮ ಈ ತಂತಿಬೇಲಿ ನೋಡಿ, ಜಂಗು ಹಿಡಿದು ಸೀರೆ ಹರಿಯೋದು ಬಿಟ್ರೆ ಏನೂ ಇಲ್ಲ. ಅಲ್ಲಿ ಗದ್ದೆಗೆ ಗದ್ದೆಗೆ ನಡುವೆ ಮಣ್ಣಿನ ಧರೆ, ಎರಡೂ ಮಗ್ಗುಲಿಗೆ ಕಲ್ಲು ಕಟ್ಟಿರ್ತಾರೆ, ಮೇಲೆ ಹಾಥಾರ್ನ್, ಬ್ಲಾಕ್‌ಥಾರ್ನ್, ಹೇಜಲ್ ಗಿಡಗಳ ಜೀವಂತ ಬೇಲಿ. ಕೆಲವು ಧರೆಗಳು ನೂರಾರು ವರ್ಷದವು. ಮೇ ತಿಂಗಳಲ್ಲಿ ಹಾಥಾರ್ನ್ ಬೆಳ್ಳಗೆ ಹೂ ಬಿಟ್ಟು ಬೇಲಿಯೆಲ್ಲ ಮೊಸರು ಚೆಲ್ಲಿದ ಬಣ್ಣ, ಕೆಳಗೆ ಗುಲಾಬಿ, ಹಳದಿ, ನೀಲಿ ಕಾಡುಹೂಗಳು. ಕಾಡಿನಿಂದ ಕಾಡಿಗೆ ಇಲಿ, ಬಾವಲಿ, ಹಕ್ಕಿಗಳು ಓಡಾಡೋದು ಈ ಬೇಲಿಯ ಗುಂಟವೇ. ಗಿಡ ಉದ್ದ ಬೆಳೆದು ಬುಡ ತೆಳುವಾದ್ರೆ ಚಳಿಗಾಲದಲ್ಲಿ ಕಾಂಡವನ್ನ ಅರೆಬರೆ ಸೀಳಿ ಓರೆಗೆ ಮಲಗಿಸ್ತಾರೆ. ವಸಂತದಲ್ಲಿ ಅದು ಬುಡದಿಂದ ಹೊಸದಾಗಿ ಚಿಗುರಿ ಕುರಿ ನುಗ್ಗದ ಹಾಗೆ ದಟ್ಟ ಆಗುತ್ತೆ. 1997ರಿಂದ ಕಾನೂನೇ ಇದೆ: ಹೊಲದಂಚಿನ ಬೇಲಿ ತೆಗೀಬೇಕಾದ್ರೆ ಮೊದಲು ಸ್ಥಳೀಯ ಆಡಳಿತಕ್ಕೆ ತಿಳಿಸಬೇಕು, ಮೂವತ್ತು ವರ್ಷಕ್ಕಿಂತ ಹಳೆಯದಾಗಿ ಮಹತ್ವದ್ದಾಗಿದ್ರೆ ತೆಗೀಬೇಡ ಅಂತ ಅವರು ತಡೀಬಹುದು. ತನ್ನ ಜಮೀನಿನ ಬೇಲಿ ತೆಗೆಯೋಕೂ ಅರ್ಜಿ! ನನಗದು ತುಂಬ ಹಿಡಿಸ್ತು.

ಮತ್ತೆ ಕಾಲುದಾರಿ. ಯಾರದೋ ಗದ್ದೆ, ಯಾರದೋ ಕುರಿ, ಆದ್ರೆ ನಡುವೆ ಹಾದು ಹೋಗೋ ದಾರಿ ಎಲ್ಲರದು. ಕಂಬದ ಮೇಲೆ ಹಳದಿ ಬಾಣದ ಗುರುತು ಇರುತ್ತೆ. ಧರೆ ದಾಟೋಕೆ ಮರದ ಮೆಟ್ಟಿಲು ಕಟ್ಟಿರ್ತಾರೆ, ಕೆಲವು ಕಡೆ ಜನ ದಾಟಬಹುದು, ದನ ದಾಟಬಾರದು ಅನ್ನೋ ಹಾಗೆ ಸುತ್ತುಗೇಟು. 1949ರ ಕಾನೂನಿನ ಪ್ರಕಾರ ಕೌನ್ಸಿಲ್‌ಗಳು ಇಂಥ ದಾರಿಗಳನ್ನೆಲ್ಲ ಗುರುತಿಸಿ ನಕ್ಷೆ ಮಾಡಿದ್ದಾವೆ. ನಕ್ಷೆಯಲ್ಲಿ ಸೇರಿದ ದಾರಿಗೆ ಜಮೀನಿನ ಯಜಮಾನ ಅಡ್ಡ ಹಾಕೋ ಹಾಗಿಲ್ಲ. ನಡೆಯೋರಿಗೂ ಕಟ್ಟು ಇದೆ. ಗೇಟು ತೆರೆದಿದ್ರೆ ತೆರೆದೇ ಬಿಡಬೇಕು, ಮುಚ್ಚಿದ್ರೆ ಮುಚ್ಚೇ ಹೋಗಬೇಕು. ಮರಿ ಹಾಕೋ ಕಾಲದಲ್ಲಿ ನಾಯಿಗೆ ಹಗ್ಗ. ನಮ್ಮೂರಲ್ಲಿ ಹಳೇ ಕಾಲುದಾರಿಗಳು ಒಂದೊಂದೇ ತಂತಿ ಹಿಂದೆ ಸೇರಿಹೋದ್ವಲ್ಲ, ಶಾಲೆಗೆ ನಾವು ನಡೆದುಹೋದ ದಾರಿಯೂ ಸೇರಿ. ಅದನ್ನ ನೆನೆಸಿಕೊಂಡು ನನಗೆ ನಿಜವಾಗಿ ಹೊಟ್ಟೆಕಿಚ್ಚಾಯ್ತು.

ಟೀ ಕಾನೊಲ್‌ನಿಂದ ಅಂಥ ಒಂದು ಕಾಲುದಾರಿ ಹಿಡಿದು ನಡೆದ್ರೆ ಹತ್ತಿರವೇ ಪೆಂಟ್ರೆ ಈವಾನ್ ಸಿಗುತ್ತೆ. ಸಮಾಧಿಯ ಕಲ್ಲುಗಳು. ಐದು ಮೀಟರ್ ಉದ್ದದ ಒಂದು ಚಪ್ಪಡಿ, ಸುಮಾರು 16 ಟನ್ ಭಾರ, ಮೂರು ನಿಲುಗಲ್ಲುಗಳ ಚೂಪು ತುದಿಯ ಮೇಲೆ ಕೂತಿದೆ. ಅಡಿಯಲ್ಲಿ ಮನುಷ್ಯ ಬಗ್ಗದೆ ನಿಲ್ಲಬಹುದು. ಕ್ರಿಸ್ತಪೂರ್ವ 3500ರ ಸುಮಾರಿನದು. ಐದು ಸಾವಿರ ವರ್ಷ ದಾಟಿದೆ, ಅಲ್ಲಾಡಿಲ್ಲ. 1882ರಲ್ಲಿ ಬ್ರಿಟನ್ ಮೊದಲ ಸಲ ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಕಾನೂನು ಮಾಡಿದಾಗ ವೇಲ್ಸಿನಿಂದ ಮೊದಲ ಪಟ್ಟಿಗೆ ಸೇರಿದ ಮೂರರಲ್ಲಿ ಇದೊಂದು. ಅಲ್ಲಿ ನಿಂತು ನೋಡಿದ್ರೆ ಕೆಳಗೆ ಸಮುದ್ರ, ಪಕ್ಕದಲ್ಲಿ ಕಾರ್ನ್ ಇಂಗ್ಲಿ ಬೆಟ್ಟ. ಸ್ಟೋನ್‌ಹೆಂಜ್ ಅಂತ ಇಂಗ್ಲೆಂಡಿನಲ್ಲಿ ಕಲ್ಲಿನ ವೃತ್ತ ಇದೆಯಲ್ಲ, ಕ್ಯಾಲೆಂಡರಿನಲ್ಲಿ ಬರುತ್ತಲ್ಲ, ಅದರ ಸಣ್ಣ ಕಲ್ಲುಗಳಲ್ಲಿ ಬಹಳಷ್ಟು ಹೋಗಿದ್ದು ಇದೇ ಪ್ರೆಸೆಲಿ ಬೆಟ್ಟದಿಂದ, 200 ಕಿಲೋಮೀಟರಿಗೂ ಮೀರಿದ ದೂರ. ಬ್ರಿಟನ್ನಿಗೆ ಚಕ್ರ ಬಾರದ ಕಾಲ.

ಆ ಬೆಟ್ಟದ ಬಗ್ಗೆ ನನ್ನ ಮನಸ್ಸಿಗೆ ಹೆಚ್ಚು ತಟ್ಟಿದ್ದು ಮಾತ್ರ ಕಲ್ಲಲ್ಲ, ಈಚಿನ ಕಥೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಯುದ್ಧ ಇಲಾಖೆಯವರು ಪ್ರೆಸೆಲಿಯ ದೊಡ್ಡ ಭಾಗವನ್ನ ಶಾಶ್ವತವಾಗಿ ಸೈನ್ಯದ ತರಬೇತಿ ಮೈದಾನ ಮಾಡ್ತೀವಿ ಅಂದ್ರಂತೆ. ಮನೆ ಬಿಡಿ, ಹೊಲ ಬಿಡಿ, ಕುರಿ ಮೇಯಿಸೋ ಬೆಟ್ಟ ಬಿಡಿ ಅಂತ. ಚರ್ಚಿನ ಬೋಧಕರು, ಶಾಲಾ ಮೇಷ್ಟ್ರುಗಳು, ಕುರಿ ಸಾಕೋರು ಒಟ್ಟಾಗಿ ನಿಂತ್ರು. ಸಭೆ ಮೇಲೆ ಸಭೆ, ಪತ್ರದ ಮೇಲೆ ಪತ್ರ. ಕೊನೆಗೆ ಸರ್ಕಾರವೇ ಹಿಂದೆ ಸರೀತು. ಆಗ ಆ ಬೆಟ್ಟದ ಪರವಾಗಿ ಬರೆದ ಕವಿ ವಾಲ್ಡೋ ವಿಲಿಯಮ್ಸ್, ಮೇಷ್ಟ್ರೇ ಅವರೂ. 1904ರಲ್ಲಿ ಹುಟ್ಟಿ 1971ರಲ್ಲಿ ತೀರಿಕೊಂಡ್ರು. ಹುಟ್ಟಿದ ಮನೆಯಲ್ಲಿ ಇಂಗ್ಲಿಷ್ ಮಾತಾಡ್ತಿದ್ರು. ಏಳು ವರ್ಷದ ಹುಡುಗನಾಗಿ ಬೆಟ್ಟದ ಮಗ್ಗುಲಿನ ಊರಿಗೆ ಬಂದು ಅಲ್ಲಿಯ ಮಕ್ಕಳ ಜೊತೆ ಆಡ್ತಾ ವೆಲ್ಷ್ ಕಲಿತು, ಆ ಭಾಷೆಯ ದೊಡ್ಡ ಕವಿ ಆದ್ರು. ದೊಡ್ಡವರಿಗೆ ಅಂತ ಬರೆದ ಕವನಗಳ ಒಂದೇ ಪುಸ್ತಕ, 1956ರದ್ದು. ಹೆಸರು ‘ಮರದ ಎಲೆಗಳು’ ಅನ್ನೋ ಅರ್ಥದ್ದು. ತಮ್ಮ ತೆರಿಗೆ ಯುದ್ಧಕ್ಕೆ ಹೋಗಬಾರದು ಅಂತ ತೆರಿಗೆ ಕಟ್ಟದೆ ಜೈಲಿಗೂ ಹೋಗಿದ್ರು. ಬೆಟ್ಟದಡಿ ಅವರ ನೆನಪಿಗೆ ಒಂದು ಒರಟು ನಿಲುಗಲ್ಲು ನಿಲ್ಲಿಸಿದ್ದಾರೆ. ಸುತ್ತ ಹುಲ್ಲು, ಅಲ್ಲೂ ಕುರಿ ಮೇಯ್ತಿತ್ತು. ನಾವು ಮೌನ ಮೌನ ಅಂತ ಹೊಗಳ್ತೀವಲ್ಲ ಅಕ್ಕ, ಆ ಮೌನದ ಹಿಂದೆ ಈ ಜನರ ಗಲಾಟೆ ಇದೆ. ಅವರು ಅವತ್ತು ಸುಮ್ಮನಿದ್ದಿದ್ರೆ ಇವತ್ತು ಅಲ್ಲಿ ಗುಂಡಿನ ಸದ್ದು ಇರ್ತಿತ್ತು.

ನೆವರ್ನ್ ಅಂತ ಕಾಡಿನ ಹತ್ತಿರದ ಹಳ್ಳಿ. ಒಂದು ಹೊಳೆ, ಒಂದು ಸೇತುವೆ, ಸಂತ ಬ್ರಿನಾಕ್ ಹೆಸರಿನ ಚರ್ಚು. ಚರ್ಚಿನ ದಾರಿಗೆ ಎರಡೂ ಕಡೆ ಯೂ ಮರ, ಸುಮಾರು 700 ವರ್ಷದವು ಅಂತಾರೆ. ಅದರಲ್ಲಿ ಒಂದರಿಂದ ರಕ್ತದ ಬಣ್ಣದ ರಸ ಒಸರುತ್ತೆ. ಅದಕ್ಕೆ ಒಬ್ಬೊಬ್ಬರದು ಒಂದೊಂದು ಕಥೆ. ಅಂಗಳದಲ್ಲಿ ನಾಲ್ಕು ಮೀಟರ್ ಎತ್ತರದ ಕಲ್ಲಿನ ಶಿಲುಬೆ, ಸಾವಿರ ವರ್ಷದ್ದು, ಮೈತುಂಬ ಗಂಟುಗಂಟಾಗಿ ಹೆಣೆದ ಕೆತ್ತನೆ. ನಮ್ಮ ಅಂಗಳದ ಬಳ್ಳಿರಂಗೋಲಿಯನ್ನ ಕಲ್ಲಿಗೆ ಇಳಿಸಿದ್ರೆ ಹಾಗಾದೀತು. ಆ ಶಿಲುಬೆ ಮೇಲೆ ಏಪ್ರಿಲ್ 7ಕ್ಕೆ, ಅಂದ್ರೆ ಸಂತ ಬ್ರಿನಾಕನ ಹಬ್ಬದ ದಿನ, ವರ್ಷದ ಮೊದಲ ಕೋಗಿಲೆ ಬಂದು ಕೂತು ಕೂಗುತ್ತೆ ಅಂತ ನಂಬಿಕೆ. ಅಲ್ಲಿಯ ಕೋಗಿಲೆ ನಮ್ಮದರ ಹಾಗೆ ಕಪ್ಪಲ್ಲ, ಬೂದು ಬಣ್ಣ, ‘ಕುಕ್ಕೂ’ ಅನ್ನುತ್ತೆ. ಮೊಟ್ಟೆ ಪರರ ಗೂಡಲ್ಲಿ ಇಡೋ ಬುದ್ಧಿ ಮಾತ್ರ ಒಂದೇ. ಕೋಗಿಲೆ ಕೂಗೋ ತನಕ ಪಾದ್ರಿ ಪೂಜೆ ಶುರುಮಾಡ್ತಿರಲಿಲ್ಲವಂತೆ. ಒಂದು ವರ್ಷ ಬಿರುಗಾಳಿಗೆ ಸಿಕ್ಕಿ ತಡವಾಯ್ತು. ಜನ ಕಾದೇ ಕಾದ್ರು. ಸಂಜೆ ಹೊತ್ತಿಗೆ ಬಂತು, ಶಿಲುಬೆ ಮೇಲೆ ಕೂತು ಒಂದು ಕೂಗು ಕೂಗಿ ಅಲ್ಲೇ ಬಿದ್ದು ಸತ್ತಿತು. ಕೋಗಿಲೆ ಮಧ್ಯ ಆಫ್ರಿಕಾದಿಂದ ಹಾರಿ ಬರೋದು ಅಂತ ಈಗ ಗೊತ್ತಾಗಿದೆ, ಎಷ್ಟೋ ಹಕ್ಕಿ ದಾರಿಯಲ್ಲೇ ಸಾಯ್ತವೆ. ಅದೇನೂ ಗೊತ್ತಿಲ್ಲದ ಕಾಲದ ಹಳ್ಳಿಯವರು ಅದರ ದಣಿವನ್ನ ಹೇಗೆ ಅರ್ಥ ಮಾಡ್ಕೊಂಡ್ರು ನೋಡಿ! ಕಥೆ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು.

ಇನ್ನೊಂದು ಹೇಳಿಬಿಡ್ತೀನಿ, ನಿಮ್ಮ ಕುಕ್ಕರ್ ಕೂಗೋದ್ರೊಳಗೆ. ಅಲ್ಲೇ ಗ್ವಾಯ್ನ್ ಕಣಿವೆ ಅಂತ ಇದೆ. ಹಿಮಯುಗದಲ್ಲಿ ನೀರ್ಗಲ್ಲು ಕರಗಿದ ನೀರು ಕೊರೆದ ಕಣಿವೆ. ಆಳ, ಕಡಿದು, ಎರಡೂ ಬದಿಗೆ ಕಾಡು. ಅಲ್ಲಿಯವರು ಇವತ್ತೂ ಹೊಸ ವರ್ಷ ಆಚರಿಸೋದು ಜನವರಿ 13ಕ್ಕೆ! 1752ರಲ್ಲಿ ಬ್ರಿಟನ್ ಕ್ಯಾಲೆಂಡರ್ ಬದಲಾಯಿಸಿ ಹನ್ನೊಂದು ದಿನ ಕೈಬಿಟ್ಟಿತಲ್ಲ, ಈ ಕಣಿವೆಯವರು ಒಪ್ಪಲೇ ಇಲ್ಲ. ಹಳೇ ಲೆಕ್ಕದ ಹೊಸ ವರ್ಷವನ್ನೇ ಹಿಡಿದ್ರು. ಮಕ್ಕಳು ಮನೆಮನೆಗೆ ಹೋಗಿ ವೆಲ್ಷ್ ಹಾಡು ಹೇಳೋದು, ಮನೆಯವರು ಮಿಠಾಯಿ, ಕಾಸು ಕೊಡೋದು. ಅದರ ಹಿಂದೆಯೇ ನಮ್ಮ ಸಂಕ್ರಾಂತಿ, ಎಳ್ಳು ಹಂಚೋಕೆ ನಮ್ಮ ಮಕ್ಕಳೂ ಹೀಗೇ ತಟ್ಟೆ ಹಿಡಿದು ಹೊರಡೋದಲ್ವಾ. ಆ ಕಣಿವೆಯ ಒಂದು ಹಳೇ ಪಬ್‌ನಲ್ಲಿ ಬಿಯರನ್ನ ಪೀಪಾಯಿಯಿಂದ ಹೂಜಿಗೆ ಬಗ್ಗಿಸಿ ಕಿಟಕಿಯಿಂದ ಕೊಡೋದು. ಅಳಿಯ ಕುಡಿದ, ನಾನೂ ಮಗಳೂ ಹೊರಗೆ ಕಟ್ಟೆ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದ್ವಿ.

ನಿಮ್ಮ ಮೊಮ್ಮಗ ಓದೋಕೆ ಸ್ವಾನ್ಸಿಗೆ ಹೋಗ್ತಾನೆ ಅಂದ್ರಲ್ಲ, ಅವನಿಗೆ ಹೇಳಿ. ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಹೋಗಲಿ, ಹೂವೂ ಇರುತ್ತೆ, ಹಕ್ಕಿಯೂ ಇರುತ್ತೆ. ನ್ಯೂಪೋರ್ಟ್ ಅನ್ನೋ ಊರು ಎರಡಿದೆ, ಕಾರ್ಡಿಫ್ ಪಕ್ಕದ ದೊಡ್ಡ ನ್ಯೂಪೋರ್ಟ್ ಅಲ್ಲ, ಪೆಂಬ್ರೋಕ್‌ಷೈರಿನ ಸಮುದ್ರದಂಚಿನ ಸಣ್ಣ ನ್ಯೂಪೋರ್ಟ್. ಫಿಶ್‌ಗಾರ್ಡ್‌ನಿಂದ ಕಾರ್ಡಿಗನ್ ಕಡೆ ಹೋಗೋ ಟಿ5 ಬಸ್ಸು ಅಲ್ಲಿ ಹಾದು ಹೋಗುತ್ತೆ, ಅಲ್ಲಿಂದ ನಡೀಬೇಕು. ಕಲ್ಲೆಲ್ಲ ಪಾಚಿ, ಜಾರುತ್ತೆ, ಗಟ್ಟಿ ಬೂಟು ಬೇಕು. ಮಳೆಯಂಗಿ ಬಿಸಿಲಿದ್ರೂ ಚೀಲದಲ್ಲಿರಲಿ. ಪಾಚಿ ಮೇಲೆ, ಕಲ್ಲುಹೂವಿನ ಮೇಲೆ ಉಗುರು ಹಾಕೋದು ಬೇಡ, ಅಂಗೈಯಗಲ ಬೆಳೆಯೋಕೆ ಅದಕ್ಕೆ ಎಷ್ಟೋ ವರ್ಷ ಬೇಕು. ಮತ್ತೆ ಉಣುಗು! ಮಂಗನ ಕಾಯಿಲೆ ಊರಿನವರು ನಾವು, ನಮಗೆ ಹೇಳಬೇಕಾಗಿಲ್ಲ. ಅಲ್ಲಿಯ ಉಣುಗಿನಿಂದ ಬರೋದು ಲೈಮ್ ಅಂತ ಬೇರೆ ಕಾಯಿಲೆ, ಕಚ್ಚಿದ ಜಾಗದ ಸುತ್ತ ಕೆಂಪಗೆ ಹರಡುತ್ತೆ. ಜರಿಗಿಡದಲ್ಲಿ ನಡೆಯುವಾಗ ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸ್ಕೊಳ್ಳಲಿ, ರೂಮಿಗೆ ಬಂದ ಮೇಲೆ ಮೈಯೆಲ್ಲ ನೋಡ್ಕೊಳ್ಳಲಿ. ದಾರಿಯ ನಕ್ಷೆ ಅಳಿಯನ ಹತ್ತಿರ ಇದೆ, ಮಗಳಿಗೆ ಹೇಳಿ ಫೋನಿಗೆ ಕಳಿಸ್ತೀನಿ. ನಿಮ್ಮ ನಂಬರಿಗೆ ಕಳಿಸಲಾ, ಅವನದ್ದೇ ಕೊಡ್ತೀರಾ?